ಗೆಳೆಯನಿಗೆ ಕೊಟ್ಟ ಕಾರು ಅಪಘಾತಕ್ಕೀಡಾದರೆ ನಷ್ಟ ಯಾರದು?

ಐವತ್ತು ಸಾವಿರ ರೂಪಾಯಿಯ ಸರಕನ್ನು ಉದ್ದರಿ ಕೊಡುವಾಗ ನಾವು ಬಿಲ್ಲಿಗೆ ಸಹಿ ಪಡೆಯುತ್ತೇವೆ, ವಾಯಿದೆ ನಮೂದಿಸುತ್ತೇವೆ, ಅಗತ್ಯವೆನಿಸಿದರೆ ಮುಂದಿನ ದಿನಾಂಕದ ಚೆಕ್ಕನ್ನೂ ಕೇಳುತ್ತೇವೆ. ಆದರೆ ಎಂಟು ಲಕ್ಷ ರೂಪಾಯಿಯ ಕಾರನ್ನು ಗೆಳೆಯನ ಕೈಗೆ ಕೊಡುವಾಗ ಒಂದು ಷರತ್ತನ್ನೂ ಹೇಳುವುದಿಲ್ಲ. ಹೇಳಿದರೆ ಸ್ನೇಹಕ್ಕೆ ಅಪಚಾರವಾದೀತೆಂದು ಸಂಕೋಚಪಡುತ್ತೇವೆ. ಕಾರು ಕ್ಷೇಮವಾಗಿ ಹಿಂದಿರುಗಿದಷ್ಟು ಕಾಲ ಈ ಸಂಕೋಚದಿಂದ ತೊಂದರೆಯಿಲ್ಲ. ಹಿಂದಿರುಗದ ದಿನ ಏನಾಗುತ್ತದೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ನನ್ನ ಕಕ್ಷಿದಾರರೊಬ್ಬರು ತಮ್ಮ ಇಪ್ಪತ್ತು ವರ್ಷಗಳ ಗೆಳೆಯರಿಗೆ ಹಾಸನದ ಒಂದು ಸಮಾರಂಭಕ್ಕೆಂದು ಕಾರು ಕೊಟ್ಟಿದ್ದರು. ಗೆಳೆಯರು ಪ್ಲೇಟಿಂಗ್ ಘಟಕದ ಮಾಲೀಕರು. ಕಕ್ಷಿದಾರರ ಬಿಡಿಭಾಗಗಳಿಗೆ ಲೇಪನ ಮಾಡಿಕೊಡುವವರೂ ಅವರೇ. ಹಿಂದಿರುಗುವಾಗ ಗೆಳೆಯರ ಬದಲು ಅವರ ಸೋದರಳಿಯ ಚಾಲನೆ ಮಾಡುತ್ತಿದ್ದ. ಕಾರು ರಸ್ತೆ ವಿಭಜಕಕ್ಕೆ ಬಡಿಯಿತು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ದುರಸ್ತಿಯ ಬಿಲ್ಲು ಒಂದು ಲಕ್ಷ ರೂಪಾಯಿ. "ಇನ್ಶೂರೆನ್ಸ್ ಇದೆಯಲ್ಲ" ಎಂದರು ಗೆಳೆಯರು. ವಿಮಾ ಸಂಸ್ಥೆ ಕೊಟ್ಟದ್ದು 70,000 ರೂಪಾಯಿ. ಉಳಿದ 30,000 ರೂಪಾಯಿಯನ್ನು ಕಕ್ಷಿದಾರರು ಯಾರಿಗೂ ಹೇಳದೆ ಗೆಳೆಯರ ಪ್ಲೇಟಿಂಗ್ ಬಿಲ್ಲಿನಿಂದ ಮುರಿದುಕೊಂಡರು. ಮುಂದಿನ ವಾರದಿಂದ ಗೆಳೆಯರು ಇವರ ಕೆಲಸವನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು.

ಯಾರದು ಸರಿ? ಉತ್ತರ ಹೇಳುವ ಮುನ್ನ ಕಾನೂನು ಮತ್ತು ಲೆಕ್ಕ ಎರಡನ್ನೂ ಕ್ರಮವಾಗಿ ನೋಡೋಣ.

ಎರವಲು ಎಂಬುದೂ ಒಂದು ಕರಾರು

ವಾಣಿಜ್ಯ ಪದವಿಯಲ್ಲಿ ವ್ಯವಹಾರ ಕಾನೂನನ್ನು ಓದಿದವರಿಗೆ ಬೈಲ್‌ಮೆಂಟ್ ಎಂಬ ಅಧ್ಯಾಯ ನೆನಪಿರಬಹುದು. ಒಂದು ವಸ್ತುವನ್ನು ನಿರ್ದಿಷ್ಟ ಉದ್ದೇಶಕ್ಕಾಗಿ ಮತ್ತೊಬ್ಬರ ವಶಕ್ಕೆ ಕೊಟ್ಟು, ಉದ್ದೇಶ ಮುಗಿದ ಮೇಲೆ ಮರಳಿ ಪಡೆಯುವ ಕರಾರಿಗೆ ಆ ಹೆಸರು. ಕನ್ನಡದಲ್ಲಿ ನಿಕ್ಷೇಪ ಎನ್ನಬಹುದು. 1872ರ ಭಾರತೀಯ ಕರಾರು ಅಧಿನಿಯಮದ 148ನೆಯ ಕಲಮಿನಿಂದ ಇದರ ನಿಯಮಗಳು ಆರಂಭವಾಗುತ್ತವೆ. ಬಾಡಿಗೆಯಿಲ್ಲದೆ ಕೊಟ್ಟರೂ, ಬರವಣಿಗೆಯಿಲ್ಲದೆ ಕೊಟ್ಟರೂ ಅದು ನಿಕ್ಷೇಪವೇ. ಅದರ ಮುಖ್ಯ ನಿಯಮಗಳು ಐದು.

1. ಪಡೆದವನು ಆ ವಸ್ತುವನ್ನು, ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟೇ ಎಚ್ಚರದಿಂದ ನೋಡಿಕೊಳ್ಳತಕ್ಕದ್ದು (ಕಲಂ 151).

2. ಅಷ್ಟು ಎಚ್ಚರ ವಹಿಸಿಯೂ ನಷ್ಟವಾದರೆ, ಬೇರೆ ವಿಶೇಷ ಕರಾರು ಇಲ್ಲದಿದ್ದಲ್ಲಿ, ಪಡೆದವನು ಹೊಣೆಯಲ್ಲ (ಕಲಂ 152). ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದ ಕಾರಿಗೆ ಲಾರಿಯೊಂದು ಬಂದು ಗುದ್ದಿದರೆ ಗೆಳೆಯನಿಂದ ಹಣ ಕೇಳುವಂತಿಲ್ಲ. ಆ ಲಾರಿಯವನ ಮೇಲೆ ದಾವೆ ಹೂಡುವ ಅಧಿಕಾರ ಕೊಟ್ಟವನಿಗೂ ಪಡೆದವನಿಗೂ ಉಂಟು (ಕಲಂ 180).

3. ಒಪ್ಪಿದ ಷರತ್ತಿಗೆ ಹೊರತಾಗಿ ಬಳಸಿದರೆ, ಎಚ್ಚರ ವಹಿಸಿದ್ದರೂ ಪಡೆದವನೇ ಹೊಣೆ (ಕಲಂ 154). ಇದಕ್ಕೆ ಶಾಸನದಲ್ಲಿಯೇ ಕುದುರೆಯ ಉದಾಹರಣೆಗಳಿವೆ. ತಾನೊಬ್ಬನೇ ಸವಾರಿ ಮಾಡಲೆಂದು ಎರವಲು ಪಡೆದ ಕುದುರೆಯನ್ನು ಮನೆಯವನೊಬ್ಬನಿಗೆ ಕೊಟ್ಟಾಗ, ಆತ ಎಚ್ಚರದಿಂದಲೇ ಸವಾರಿ ಮಾಡಿದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯಗೊಂಡರೆ ಎರವಲು ಪಡೆದವನೇ ನಷ್ಟ ತುಂಬಬೇಕು. ಬನಾರಸಿಗೆಂದು ಪಡೆದ ಕುದುರೆಯನ್ನು ಕಟಕದ ಕಡೆಗೆ ಒಯ್ದರೂ ಅದೇ ನಿಯಮ. ಕುದುರೆಯ ಜಾಗದಲ್ಲಿ ಕಾರು ಇಟ್ಟು ನೋಡಿದರೆ ಇಂದಿಗೂ ಹೊಂದುತ್ತದೆ.

4. ಕೊಟ್ಟವನಿಗೂ ಕರ್ತವ್ಯವುಂಟು. ತನಗೆ ಗೊತ್ತಿರುವ ದೋಷ ಬಳಕೆಗೆ ಗಣನೀಯ ಅಡ್ಡಿ ತರುವಂಥದ್ದಾಗಿದ್ದರೆ ಅಥವಾ ಅಸಾಧಾರಣ ಅಪಾಯಕ್ಕೆ ಎಡೆ ಮಾಡುವಂಥದ್ದಾಗಿದ್ದರೆ ಅದನ್ನು ತಿಳಿಸತಕ್ಕದ್ದು. ತಿಳಿಸದಿದ್ದರೆ, ಆ ದೋಷದಿಂದ ಪಡೆದವನಿಗೆ ನೇರವಾಗಿ ಆದ ಹಾನಿಗೆ ಕೊಟ್ಟವನೇ ಹೊಣೆ (ಕಲಂ 150). ಬಾಡಿಗೆಗೆ ಕೊಟ್ಟಿದ್ದರಂತೂ ದೋಷ ತನಗೆ ಗೊತ್ತಿರಲಿಲ್ಲ ಎಂಬ ನೆಪಕ್ಕೂ ಅವಕಾಶವಿಲ್ಲ.

5. ಚೆನ್ನಾಗಿದ್ದ ವಸ್ತು ಹಾನಿಗೊಂಡು ಹಿಂದಿರುಗಿದಾಗ, ತಾನು ತಕ್ಕ ಎಚ್ಚರ ವಹಿಸಿದ್ದೆನೆಂದು ತೋರಿಸುವ ಭಾರ ಸಾಮಾನ್ಯವಾಗಿ ಪಡೆದವನ ಮೇಲೆ ಬೀಳುತ್ತದೆ. ನಷ್ಟ ಪರಿಹಾರದ ದಾವೆಗೆ ಕಾಲಮಿತಿ ಮೂರು ವರ್ಷ.

ಮೂರನೆಯ ವ್ಯಕ್ತಿಗೆ ಆದ ಹಾನಿ

ರಸ್ತೆಯಲ್ಲಿ ಬೇರೆಯವರಿಗೆ ಪೆಟ್ಟಾದರೆ ವಿಷಯ ಗೆಳೆಯರಿಬ್ಬರ ನಡುವೆ ಉಳಿಯುವುದಿಲ್ಲ. 1988ರ ಮೋಟಾರು ವಾಹನ ಅಧಿನಿಯಮದ ಪ್ರಕಾರ ಸಾಮಾನ್ಯವಾಗಿ ನೋಂದಣಿ ಪತ್ರದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಪರಿಹಾರ ಕೋರಿ ಸಲ್ಲಿಸುವ ಅರ್ಜಿಯಲ್ಲಿ ಚಾಲಕ, ನೋಂದಾಯಿತ ಮಾಲೀಕ, ವಿಮಾ ಸಂಸ್ಥೆ ಮೂವರನ್ನೂ ಪ್ರತಿವಾದಿಗಳನ್ನಾಗಿ ಮಾಡುವುದು ರೂಢಿ. "ಆ ದಿನ ನಾನು ಕಾರಿನಲ್ಲಿಯೇ ಇರಲಿಲ್ಲ" ಎಂದಷ್ಟೇ ಹೇಳಿ ಮಾಲೀಕ ಪಾರಾಗುವಂತಿಲ್ಲ.

ಚಾಲಕನಿಗೆ ಊರ್ಜಿತ ಪರವಾನಗಿ ಇದ್ದು, ಮಾಲೀಕನ ಒಪ್ಪಿಗೆಯಿಂದ ಓಡಿಸುತ್ತಿದ್ದು, ವಿಮೆ ಚಾಲ್ತಿಯಲ್ಲಿದ್ದರೆ ಮೂರನೆಯ ವ್ಯಕ್ತಿಯ ಸಾವು ಅಥವಾ ಗಾಯದ ಪರಿಹಾರವನ್ನು ವಿಮಾ ಸಂಸ್ಥೆ ಭರಿಸುತ್ತದೆ. ಓಡಿಸಿದವನು ಗೆಳೆಯ ಎಂಬುದು ಅಡ್ಡಿಯಲ್ಲ. ಆದರೆ ಪರವಾನಗಿ ಇಲ್ಲದವನಿಗೆ ಕೊಟ್ಟಿದ್ದರೆ, ಅಥವಾ ಚಾಲಕ ಮದ್ಯಪಾನ ಮಾಡಿದ್ದರೆ, ವಿಮಾ ಸಂಸ್ಥೆ ತನ್ನ ಹೊಣೆಯನ್ನು ಪ್ರಶ್ನಿಸಬಹುದು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಷರತ್ತಿನ ಉಲ್ಲಂಘನೆಯಲ್ಲಿ ಮಾಲೀಕನ ತಪ್ಪಿದೆ, ಆತ ತಕ್ಕ ಎಚ್ಚರ ವಹಿಸಲಿಲ್ಲ ಎಂಬುದನ್ನು ವಿಮಾ ಸಂಸ್ಥೆಯೇ ರುಜುವಾತು ಮಾಡಬೇಕೆಂದು ತೀರ್ಪಿತ್ತಿತು. ಅಂತಹ ಮೊಕದ್ದಮೆಗಳಲ್ಲಿ, ಮೊದಲು ಗಾಯಾಳುವಿಗೆ ಹಣ ಪಾವತಿಸಿ ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ವಿಮಾ ಸಂಸ್ಥೆಗೆ ಆದೇಶಿಸುವುದುಂಟು. ಗಾಯಾಳುವಿಗೆ ನ್ಯಾಯ ಸಿಗುತ್ತದೆ. ನಷ್ಟ ಮಾತ್ರ ಮಾಲೀಕನ ಮನೆ ಬಾಗಿಲಿಗೆ ಬರುತ್ತದೆ. ಆದುದರಿಂದ ಗೆಳೆಯನ ಪರವಾನಗಿಯನ್ನು ಕಣ್ಣಾರೆ ನೋಡುವುದು ಅಪನಂಬಿಕೆಯಲ್ಲ, ಅದು ನಮ್ಮ ರಕ್ಷಣೆ.

ಪರವಾನಗಿ ಇಲ್ಲದವನಿಗೆ ವಾಹನ ಕೊಟ್ಟ ಮಾಲೀಕನಿಗೆ, 2019ರ ತಿದ್ದುಪಡಿಯ ನಂತರ, 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ಗೆಳೆಯನ ಹದಿನೇಳು ವರ್ಷದ ಮಗ ಓಡಿಸಿದರೆ ಇನ್ನೂ ಕಠಿಣ: ಬಾಲಕನ ಪೋಷಕ ಅಥವಾ ವಾಹನದ ಮಾಲೀಕನನ್ನೇ ತಪ್ಪಿತಸ್ಥನೆಂದು ಭಾವಿಸಿ ಮೂರು ವರ್ಷದವರೆಗಿನ ಸೆರೆವಾಸ, 25,000 ರೂಪಾಯಿ ದಂಡ ಹಾಗೂ ಹನ್ನೆರಡು ತಿಂಗಳ ಕಾಲ ವಾಹನದ ನೋಂದಣಿ ರದ್ದತಿಗೆ ಕಲಂ 199ಎ ಅವಕಾಶ ಕೊಡುತ್ತದೆ. ತನಗೆ ತಿಳಿಯದೆ ನಡೆಯಿತೆಂದು ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದು ರುಜುವಾತುಪಡಿಸಿದರೆ ಮಾತ್ರ ಬಿಡುಗಡೆ.

ಪರರ ಆಸ್ತಿಗಾದ ಹಾನಿಗೆ ವಿಮಾ ಪತ್ರದಲ್ಲಿ ಮಿತಿಯಿರುತ್ತದೆ. ಖಾಸಗಿ ಕಾರುಗಳಿಗೆ ಇದು ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ. ಕಂತಿನಲ್ಲಿ ಅಲ್ಪ ರಿಯಾಯಿತಿಯ ಆಸೆಗೆ ಈ ಮಿತಿಯನ್ನು ಕೇವಲ 6,000 ರೂಪಾಯಿಗೆ ಇಳಿಸಿಕೊಂಡವರೂ ಇದ್ದಾರೆ. ಅಂತಹವರ ಕಾರು ಒಂದು ಅಂಗಡಿಯ ಗಾಜಿನ ಮುಂಭಾಗಕ್ಕೆ ನುಗ್ಗಿದರೆ ಉಳಿದ ಹಣವನ್ನು ಸ್ವಂತ ಜೇಬಿನಿಂದ ಕೊಡಬೇಕಾದೀತು.

ಸರಕು ವಾಹನ ಇರುವವರಿಗೆ ಒಂದು ವಿಶೇಷ ಎಚ್ಚರಿಕೆ. ಮದುವೆಯ ದಿಬ್ಬಣಕ್ಕೆಂದು ಗೆಳೆಯರಿಗೆ ಟೆಂಪೊ ಕೊಡುವುದು ನಮ್ಮಲ್ಲಿ ಸಾಮಾನ್ಯ. ಸರಕು ವಾಹನದಲ್ಲಿ ಉಚಿತವಾಗಿ ಪ್ರಯಾಣಿಸುವವರಿಗೆ ವಿಮಾ ಸಂಸ್ಥೆ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರ ಡಿಸೆಂಬರಿನಲ್ಲಿಯೇ ತೀರ್ಮಾನಿಸಿತು. ಇಪ್ಪತ್ತು ಜನ ಕುಳಿತ ಟೆಂಪೊ ಮಗುಚಿದರೆ ಮಾಲೀಕನ ಕಾರ್ಖಾನೆಯೇ ಉಳಿಯದಿರಬಹುದು. ಇಂತಹ ಕೋರಿಕೆಗೆ ನಯವಾಗಿ, ಆದರೆ ಖಚಿತವಾಗಿ, ಇಲ್ಲವೆನ್ನುವುದೇ ಲೇಸು.

ನಮ್ಮ ಕಾರಿಗೇ ಆದ ಹಾನಿ: ವಿಮೆ ಕೊಡುವುದೆಷ್ಟು?

ಕೇವಲ ಮೂರನೆಯ ವ್ಯಕ್ತಿಯ ವಿಮೆ ಮಾತ್ರ ಇದ್ದರೆ ನಮ್ಮ ಕಾರಿನ ದುರಸ್ತಿಗೆ ಒಂದು ಪೈಸೆಯೂ ಬಾರದು. ಸಮಗ್ರ ವಿಮೆ ಇದ್ದರೂ ಪೂರ್ಣ ಹಣ ಬರುವುದಿಲ್ಲ. ಮೇಲೆ ಹೇಳಿದ ಕಕ್ಷಿದಾರರ ಕಾರಿಗೆ ನಾಲ್ಕೂವರೆ ವರ್ಷವಾಗಿತ್ತು. ಅವರ ಬಿಲ್ಲನ್ನೇ ಬಿಡಿಸಿ ನೋಡೋಣ.

ಲೋಹದ ಭಾಗಗಳು 40,000 ರೂ.; ಸವಕಳಿ ಶೇ. 35; ದೊರೆತದ್ದು 26,000 ರೂ.
ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳು 20,000 ರೂ.; ಸವಕಳಿ ಶೇ. 50, ದೊರೆತದ್ದು 10,000 ರೂ.
ಗಾಜು 8,000 ರೂ.; ಸವಕಳಿ ಇಲ್ಲ; ದೊರೆತದ್ದು 8,000 ರೂ.
ಬಣ್ಣದ ಸಾಮಗ್ರಿ 10,000 ರೂ.; ಸವಕಳಿ ಶೇ. 50, ದೊರೆತದ್ದು 5,000 ರೂ.
ಕೂಲಿ ಇತ್ಯಾದಿ 22,000 ರೂ.; ಸವಕಳಿ ಇಲ್ಲ; ದೊರೆತದ್ದು 22,000 ರೂ.
ಒಟ್ಟು ಬಿಲ್ಲು 1,00,000 ರೂ.; ಅಂಗೀಕೃತ 71,000 ರೂ.; ಕಡ್ಡಾಯ ಕಡಿತ 1,000 ರೂ. ಕಳೆದು ಕೈಗೆ ಬಂದದ್ದು 70,000 ರೂ.

ಲೆಕ್ಕ ಇಲ್ಲಿಗೆ ಮುಗಿಯಿತೆಂದು ಗೆಳೆಯರಿಬ್ಬರೂ ತಿಳಿದಿದ್ದರು. ಕಾಣದ ಬಾಬತ್ತು ಇನ್ನೊಂದಿದೆ. ಕ್ಲೇಮು ಮಾಡದ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ಕ್ರಮವಾಗಿ ಶೇ. 20, 25, 35, 45, 50ರಷ್ಟು ನೋ ಕ್ಲೇಮ್ ಬೋನಸ್ ದೊರೆಯುತ್ತದೆ. ಕಕ್ಷಿದಾರರು ಶೇ. 45ನ್ನು ತಲುಪಿದ್ದರು, ಮುಂದಿನ ನವೀಕರಣಕ್ಕೆ ಶೇ. 50 ಸಿಗಬೇಕಿತ್ತು. ಕ್ಲೇಮು ಮಾಡಿದ್ದರಿಂದ ಅದು ಸೊನ್ನೆಗೆ ಇಳಿಯಿತು. ಸ್ವಂತ ಹಾನಿಯ ಮೂಲ ಕಂತು ವರ್ಷಕ್ಕೆ 12,000 ರೂಪಾಯಿಯೆಂದೇ ಮುಂದುವರಿಯುತ್ತದೆ ಎಂದಿಟ್ಟುಕೊಂಡರೆ, ಮರಳಿ ಶೇ. 50ಕ್ಕೆ ಏರುವವರೆಗಿನ ಐದು ವರ್ಷಗಳ ನಷ್ಟ ಹೀಗಿದೆ: 6,000, 3,600, 3,000, 1,800 ಮತ್ತು 600, ಒಟ್ಟು 15,000 ರೂಪಾಯಿ. ಈ ಬೋನಸ್ ವಾಹನಕ್ಕಲ್ಲ, ಮಾಲೀಕನಿಗೆ ಸೇರಿದ್ದು. ಹೊಸ ಕಾರು ಕೊಂಡರೂ ಅದರ ನಷ್ಟ ಹಿಂದೆಯೇ ಬರುತ್ತದೆ.

ಅಂದರೆ "ಇನ್ಶೂರೆನ್ಸ್ ಇದೆಯಲ್ಲ" ಎಂಬ ಮಾತಿನ ಆಚೆಗೆ ಉಳಿದದ್ದು 45,000 ರೂಪಾಯಿ. ಇದು ಯಾರದೆಂದು ವಿಮಾ ಪತ್ರ ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಗೆಳೆಯರಿಬ್ಬರ ನಡುವಿನ, ಬಾಯಲ್ಲಿಯೂ ಆಡದ, ಆ ನಿಕ್ಷೇಪದ ಕರಾರು.

ಎರಡು ಉಪಸೂಚನೆಗಳು. ಸವಕಳಿ ಕಡಿತವಿಲ್ಲದ ಹೆಚ್ಚುವರಿ ವಿಮೆ ಪಡೆದಿದ್ದರೆ ಮೇಲಿನ ಅಂತರ ಬಹಳಷ್ಟು ಕುಗ್ಗುತ್ತದೆ. ಸಣ್ಣ ಬಿಲ್ಲಾದರೆ ಕ್ಲೇಮು ಮಾಡುವುದಕ್ಕಿಂತ ಕೈಯಿಂದ ಕೊಡುವುದೇ ಲಾಭ; ಬೋನಸ್ ನಷ್ಟವನ್ನು ಮೊದಲು ಲೆಕ್ಕ ಹಾಕಿ ನೋಡತಕ್ಕದ್ದು. ಹಾಗೆಯೇ ಗೆಳೆಯನಿಂದ ಕಾರಿಗೆ ದಿನಕ್ಕಿಷ್ಟು ಎಂದು ಹಣ ಪಡೆದರೆ ಅದು ಬಾಡಿಗೆಯಾಗುತ್ತದೆ. ಖಾಸಗಿ ಕಾರಿನ ವಿಮೆಗೆ ಬಾಡಿಗೆಯ ಬಳಕೆ ಸಮ್ಮತವಲ್ಲ, ಕ್ಲೇಮು ತಿರಸ್ಕೃತವಾದೀತು.

ಓಡಿಸಿದ ಗೆಳೆಯನಿಗೇ ಅಪಾಯವಾದರೆ

ಇದು ಎಲ್ಲಕ್ಕಿಂತ ಗಂಭೀರವಾದ, ನಾವು ಅತಿ ಕಡಿಮೆ ಯೋಚಿಸುವ ಭಾಗ. ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯಿದೆ. ವ್ಯಕ್ತಿಯೊಬ್ಬರು ಎರವಲು ಪಡೆದ ಮೋಟಾರು ಸೈಕಲ್ಲಿನಲ್ಲಿ ಇಳಕಲ್ಲಿನಿಂದ ತಮ್ಮ ಊರಾದ ಗೂಡೂರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಹಠಾತ್ತಾಗಿ ನಿಂತಿತು. ಬೈಕು ಅದಕ್ಕೆ ಬಡಿದು ಅವರು ಮೃತಪಟ್ಟರು. ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಅಂದಿನ ಕಲಂ 163ಎ ಅಡಿಯಲ್ಲಿ ಕುಟುಂಬ ಪರಿಹಾರ ಕೋರಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಇಷ್ಟು: ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ, ಮಾಲೀಕ ತನ್ನ ವಿರುದ್ಧ ತಾನೇ ಪರಿಹಾರ ಕೇಳಲಾರ, ಆದ್ದರಿಂದ ಆ ಕಲಮಿನಲ್ಲಿ ಹಕ್ಕಿಲ್ಲ. ಬೇರೆ ಕಲಮಿನಲ್ಲಿ ಪರಿಹಾರ ಸಾಧ್ಯವೇ ಎಂದು ಪರಿಶೀಲಿಸಲು ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯಕ್ಕೆ ಮರಳಿಸಲಾಯಿತು.

2020ರ ಮತ್ತೊಂದು ತೀರ್ಪಿನಲ್ಲಿ, ಎರವಲು ಬೈಕಿನ ಸವಾರ ಇನ್ನೊಂದು ವಾಹನ ಗುದ್ದಿ ಮೃತಪಟ್ಟಿದ್ದರು. ಕುಟುಂಬವು ಗುದ್ದಿದ ವಾಹನದವರನ್ನು ಬಿಟ್ಟು ಎರವಲು ಬೈಕಿನ ಮಾಲೀಕ ಮತ್ತು ವಿಮಾ ಸಂಸ್ಥೆಯ ಮೇಲೆ ಮಾತ್ರ ಅರ್ಜಿ ಹಾಕಿತ್ತು. ದೊರೆತದ್ದು ವಿಮಾ ಕರಾರಿನ ಪ್ರಕಾರದ ಒಂದು ಲಕ್ಷ ರೂಪಾಯಿ ಮಾತ್ರ. ಕಲಂ 163ಎ 2022ರ ಏಪ್ರಿಲ್ 1ರಿಂದ ತೆಗೆದುಹಾಕಲ್ಪಟ್ಟು, ಅದರ ಸ್ಥಾನಕ್ಕೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ನಿಗದಿಪಡಿಸಿದ ಕಲಂ 164 ಬಂದಿದೆ. ಆದರೂ ಮೇಲಿನ ತೀರ್ಪುಗಳು ಎತ್ತಿದ ಅಪಾಯವನ್ನು ಮರೆತು ನಡೆಯುವುದು ಜಾಣತನವಲ್ಲ. ಮಾಲೀಕ-ಚಾಲಕನಿಗೆಂದು ಇರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಹೆಸರೇ ಹೇಳುವಂತೆ ಮಾಲೀಕನಿಗೆ. ಗೆಳೆಯನಿಗೂ ಅದು ದಕ್ಕುತ್ತದೆಂದು ನಂಬಿ ಕೂರಬಾರದು. ಆಗಾಗ ಪರರ ವಾಹನ ಓಡಿಸುವವರು ತಮ್ಮ ಹೆಸರಿನಲ್ಲಿ ಪ್ರತ್ಯೇಕ ವೈಯಕ್ತಿಕ ಅಪಘಾತ ವಿಮೆ ಮಾಡಿಸಿಕೊಳ್ಳುವುದು ಅವರ ಕುಟುಂಬಕ್ಕೆ ಅವರು ಮಾಡಬಹುದಾದ ದೊಡ್ಡ ಉಪಕಾರ.

ಸಂಸ್ಥೆಯ ಹೆಸರಿನ ಕಾರು ಮತ್ತು ಲೆಕ್ಕಪುಸ್ತಕ

ಕಾರು ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿಯ ಹೆಸರಿನಲ್ಲಿದ್ದರೆ ಕೊಟ್ಟವರು ನಾವಲ್ಲ, ಸಂಸ್ಥೆ. ಇತರ ಪಾಲುದಾರರ ಒಪ್ಪಿಗೆ ಇರಬೇಕು. ಇಂತಹ ವಾಹನಕ್ಕೆ ಮಾಲೀಕ-ಚಾಲಕನ ಅಪಘಾತ ವಿಮೆಯೂ ದೊರೆಯುವುದಿಲ್ಲ. ಗೆಳೆಯನ ಸ್ವಂತ ಕೆಲಸದಲ್ಲಿ ಆದ ದುರಸ್ತಿಯನ್ನು ವ್ಯಾಪಾರದ ವೆಚ್ಚವೆಂದು ಬರೆದರೆ ಆದಾಯ ತೆರಿಗೆ ಅಧಿಕಾರಿ ಒಪ್ಪಲಾರರು. ಸ್ವಂತ ಬಳಕೆಯ ಪಾಲನ್ನು ಕೈಬಿಡುವುದು ಕ್ಷೇಮ.

ಇನ್ನು ನನ್ನ ಕಕ್ಷಿದಾರರು ಮಾಡಿದ ತಪ್ಪು. ಗೆಳೆಯರ ಬಿಲ್ಲಿನಿಂದ ಏಕಪಕ್ಷೀಯವಾಗಿ ಮುರಿದುಕೊಂಡದ್ದರಿಂದ ಅವರ ಪುಸ್ತಕದಲ್ಲಿ 30,000 ರೂಪಾಯಿ ಬಾಕಿಯಾಗಿಯೇ ನಿಂತಿತು. ಸರಬರಾಜುದಾರನಿಗೆ ಬಿಲ್ಲಿನ ಹಣವನ್ನು 180 ದಿನಗಳೊಳಗೆ ಕೊಡದಿದ್ದರೆ, ಕೊಡದ ಭಾಗಕ್ಕೆ ಪಡೆದ ಜಿಎಸ್‌ಟಿ ಹೂಡುವಳಿ ತೆರಿಗೆಯನ್ನು ಬಡ್ಡಿಸಹಿತ ಮರಳಿಸಬೇಕು. ಗೆಳೆಯರ ಘಟಕ ಸೂಕ್ಷ್ಮ ಉದ್ಯಮವಾಗಿ ಉದ್ಯಮ್ ನೋಂದಣಿ ಪಡೆದಿತ್ತು. ಅಂತಹವರಿಗೆ ಲಿಖಿತ ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಪಾವತಿಸತಕ್ಕದ್ದು. ತಪ್ಪಿದರೆ ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆ ವೆಚ್ಚ ಆದಾಯ ತೆರಿಗೆಯಲ್ಲಿ ಮಾನ್ಯವಾಗುತ್ತದೆ. ಕಾರಿನ ಜಗಳವನ್ನು ವ್ಯಾಪಾರದ ಖಾತೆಗೆ ತಂದರೆ ಎರಡೂ ಕೆಡುತ್ತವೆ. ಬಿಲ್ಲನ್ನು ಪೂರ್ಣವಾಗಿ ಪಾವತಿಸಿ, ಕಾರಿನ ಹಣವನ್ನು ಬೇರೆಯಾಗಿ ಬ್ಯಾಂಕಿನ ಮೂಲಕ ಪಡೆಯುವುದೇ ಶುದ್ಧ ಕ್ರಮ.

ಕೀಲಿ ಕೊಡುವ ಮೊದಲು

1. ಗೆಳೆಯನ ಚಾಲನಾ ಪರವಾನಗಿ, ನಮ್ಮ ವಿಮಾ ಪತ್ರ ಎರಡರ ಅವಧಿಯನ್ನೂ ನೋಡಿರಿ.
2. ಕಾರಿನಲ್ಲಿ ನಿಮಗೆ ಗೊತ್ತಿರುವ ದೋಷವನ್ನು ಬಾಯಿ ಬಿಟ್ಟು ಹೇಳಿರಿ.
3. ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಕಳುಹಿಸಿರಿ: ಎಲ್ಲಿಗೆ, ಯಾವಾಗ ವಾಪಸು, ಯಾರು ಓಡಿಸುವುದು, ವಿಮೆ ಕೊಡದ ಹಣ ಯಾರದು. ಅವರ "ಸರಿ" ಎಂಬ ಉತ್ತರವೇ ಕರಾರು.
4. ಅಪಘಾತವಾದರೆ ಮೊದಲು ಗಾಯಾಳುವಿಗೆ ಚಿಕಿತ್ಸೆ, ಅನಂತರ ಪೊಲೀಸರಿಗೂ ವಿಮಾ ಸಂಸ್ಥೆಗೂ ತಿಳಿವಳಿಕೆ, ಸರ್ವೇಯರ್ ನೋಡುವ ಮುನ್ನ ದುರಸ್ತಿ ಬೇಡ. ಓಡಿಸಿದವರು ಯಾರೆಂಬುದನ್ನು ಎಂದಿಗೂ ಬದಲಿಸಿ ಹೇಳಬೇಡಿರಿ. ಗೆಳೆಯನನ್ನು ಉಳಿಸಲು ಹೇಳಿದ ಒಂದು ಸುಳ್ಳು ಇಡೀ ಕ್ಲೇಮನ್ನು ಮುಳುಗಿಸುತ್ತದೆ.
5. ಕಾರನ್ನು ಗೆಳೆಯನಿಗೆ ಮಾರಿದ್ದರೆ ನೋಂದಣಿಯನ್ನು ತಪ್ಪದೆ ವರ್ಗಾಯಿಸಿರಿ. ಕಾರು ಮಾರಾಟವಾಗಿ ಹಲವು ಕೈ ದಾಟಿದ್ದರೂ ದಾಖಲೆಯಲ್ಲಿ ಹೆಸರಿದ್ದವರನ್ನೇ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೊಣೆ ಮಾಡಿತು.

ಕೊನೆಯದಾಗಿ, ಆ ಇಬ್ಬರು ಗೆಳೆಯರ ವಿಷಯ. ಇಬ್ಬರನ್ನೂ ನನ್ನ ಕಚೇರಿಗೆ ಕರೆದು ಮೇಲಿನ ಲೆಕ್ಕವನ್ನು ಮುಂದಿಟ್ಟೆ. ಸೋದರಳಿಯನ ಕೈಗೆ ಚಕ್ರ ಕೊಟ್ಟದ್ದು ತಪ್ಪೆಂದು ಗೆಳೆಯರು ಒಪ್ಪಿದರು. "ಆದರೆ ಬ್ರೇಕು ತಡವಾಗಿ ಹಿಡಿಯಿತು ಎಂದು ಹುಡುಗ ಹೇಳುತ್ತಾನೆ" ಎಂದರು. ಕಕ್ಷಿದಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನನಗೆ ಗೊತ್ತಿತ್ತು, ಅಭ್ಯಾಸವಾಗಿದ್ದರಿಂದ ಹೇಳಲು ಮರೆತೆ" ಎಂದರು. ನಾನು ಹೆಚ್ಚು ಮಾತನಾಡಬೇಕಾಗಿ ಬರಲಿಲ್ಲ. 45,000 ರೂಪಾಯಿಯನ್ನು ಸಮನಾಗಿ ಹಂಚಿಕೊಂಡರು. ಗೆಳೆಯರು 22,500 ರೂಪಾಯಿಯನ್ನು ಅಂದೇ ಬ್ಯಾಂಕಿನ ಮೂಲಕ ಕಳುಹಿಸಿದರು. ಮುರಿದುಕೊಂಡಿದ್ದ 30,000 ರೂಪಾಯಿಯನ್ನು ಕಕ್ಷಿದಾರರು ಅಂದೇ ಪಾವತಿಸಿದರು. ಮರುವಾರ ಪ್ಲೇಟಿಂಗ್ ಕೆಲಸ ಮತ್ತೆ ಆರಂಭವಾಯಿತು.

ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬ ಗಾದೆ ನಮ್ಮಲ್ಲಿದೆ. ಕೊಡುವುದನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಪರಸ್ಪರ ಸಹಾಯವಿಲ್ಲದೆ ಯಾವ ಪೇಟೆಯೂ ನಡೆಯದು. ಕೀಲಿಯ ಜೊತೆಗೆ ಎರಡು ಮಾತನ್ನೂ ಕೊಟ್ಟರೆ ಇಬ್ಬರೂ ಕೋಡಂಗಿಗಳಾಗುವುದು ತಪ್ಪುತ್ತದೆ.